ಬಿಂದಿಗೆಯಾಟದ ಮೂಲಪುರುಷ

ಕೆಲವರಿಗೆ ಅಪ್ಪನಿಂದ ಅಡಿಕೆ ತೋಟ ಬರುತ್ತದೆ, ಇನ್ನು ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಬಂದದ್ದು ಒಂದು ಆಟ. ತೋಟವಾಗಿದ್ದರೆ ದಾಯಾದಿಗಳ ಜೊತೆ ಜಗಳವಾಡಿಕೊಂಡು ಕಾಲ ಕಳೆಯಬಹುದಿತ್ತು, ಕಾಯಿಲೆಯಾಗಿದ್ದರೆ ಬೆಳಿಗ್ಗೆ ಎದ್ದು ವಾಕಿಂಗಾದರೂ ಹೋಗಬಹುದಿತ್ತು. ಆಟವನ್ನು ಇಟ್ಟುಕೊಂಡು ಮಾಡುವುದೇನು? ಶಿವಮೊಗ್ಗದಲ್ಲಿ ಹೊಸಬರು ಯಾರಾದರೂ ಪರಿಚಯವಾದರೆ, ಓಹೋ, ಬಿಂದಿಗೆಯಾಟ ಕಂಡುಹಿಡಿದ ರುದ್ರಪ್ಪನವರ ಮಗ ಅಲ್ವಾ ಎಂದು ಕೈ ಕುಲುಕುತ್ತಾರೆ. ನಾನು ತಲೆ ತಗ್ಗಿಸಿ ಒಂದು ವಿನಯದ ನಗೆ ನಗುತ್ತೇನೆ. ಆ ನಗೆಯನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆಂಬುದು ನನ್ನ ಹೆಂಡತಿಯೊಬ್ಬಳಿಗೇ ಗೊತ್ತು. ಅವಳು ಇದುವರೆಗೆ ಯಾರಿಗೂ ಹೇಳಿಲ್ಲ. ಅದು ಅವಳ ದೊಡ್ಡತನ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎರಡು ತಂಡ, ತಂಡಕ್ಕೆ ಐದೈದು ಜನ. ಎದುರು ತಂಡದವರ ಬೆನ್ನ ಹಿಂದೆ ನಮ್ಮ ಐದು ಖಾಲಿ ಬಿಂದಿಗೆ, ನಮ್ಮ ಬೆನ್ನ ಹಿಂದೆ ಅವರ ಐದು ಬಿಂದಿಗೆ, ಸಾಲಾಗಿ ಇಟ್ಟಿರುತ್ತಾರೆ. ಅವರನ್ನು ದಾಟಿಸಿ ನಮ್ಮ ಬಿಂದಿಗೆಯೊಳಗೆ ಚೆಂಡು ಬೀಳುವಂತೆ ಎಸೆಯಬೇಕು. ಬಿದ್ದರೆ ಆ ಬಿಂದಿಗೆ ತುಂಬಿದ ಹಾಗೆ. ಎಸೆಯುವುದೂ ತಡೆಯುವುದೂ ಬಲಗೈಯಲ್ಲೇ ಆಗಬೇಕು. ಎಡಗೈ ಸದಾ ಸೊಂಟದ ಮೇಲಿರಬೇಕು, ತೆಗೆದರೆ ಫೌಲ್. ಎದುರಾಳಿಯ ಬಿಂದಿಗೆಯನ್ನು ಅಪ್ಪಿತಪ್ಪಿ ಮುಟ್ಟಿದರೂ ಔಟ್. ಎಲ್ಲಕ್ಕಿಂತ ವಿಚಿತ್ರವೆಂದರೆ ಆಟಕ್ಕೆ ಇಷ್ಟೇ ಹೊತ್ತು ಎಂಬ ಲೆಕ್ಕವಿಲ್ಲ. ಅಂಪೈರಿಗೆ ಮನಸ್ಸು ಬಂದ ಗಳಿಗೆಯಲ್ಲಿ ಉದ್ದಕ್ಕೆ ಒಂದು ಸೀಟಿ ಊದುತ್ತಾರೆ. ಆಗ ಯಾರ ಬಿಂದಿಗೆ ಹೆಚ್ಚು ತುಂಬಿವೆಯೋ ಅವರು ಗೆದ್ದರು.

ಇದು ಹುಟ್ಟಿದ್ದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನ ಒಂದು ಬೀದಿಯಲ್ಲಿ. ಈಗ ಶಿವಮೊಗ್ಗದ ಪಾರ್ಕುಗಳಲ್ಲಿ ಆಡುತ್ತಾರೆ, ಆಯನೂರಿನ ಶಾಲೆಯ ಬಯಲಿನಲ್ಲಿ ಆಡುತ್ತಾರೆ, ಚಿತ್ರಾನ್ನ ಕಟ್ಟಿಕೊಂಡು ಗಾಜನೂರಿಗೆ ಡ್ಯಾಮ್ ನೋಡಲು ಹೋದವರೂ ಊಟವಾದ ಮೇಲೆ ಆಡುತ್ತಾರೆ. ಗಾಂಧಿ ಬಜಾರಿನಲ್ಲಿ ಪ್ಲಾಸ್ಟಿಕ್ ಬಿಂದಿಗೆ ಕೇಳಿದರೆ ಅಂಗಡಿಯವರು, ನೀರಿಗೋ ಮ್ಯಾಚಿಗೋ ಎಂದು ವಿಚಾರಿಸಿ ಕೊಡುತ್ತಾರೆ. ಹತ್ತು ವರ್ಷದ ಕೆಳಗೆ ಅಪ್ಪ ತೀರಿಕೊಂಡಾಗ ಆಟದ ನಿಯಮಗಳ ಪುಟ್ಟ ಪುಸ್ತಕವೊಂದನ್ನು ಬರೆದವನು ನಾನೇ. ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ವರ್ಷಾನುಗಟ್ಟಲೆ ನಡತೆ ಪ್ರಮಾಣಪತ್ರ ಬರೆದ ಕೈಗೆ ಯಾರ ಬಗ್ಗೆ ಬರೆದರೂ ಒಳ್ಳೆಯದೇ ಬರುತ್ತದೆ. ಎಡಗೈ ಸೊಂಟದ ಮೇಲೇಕೆ? 'ಬೆನ್ನುಮೂಳೆಯ ಸಮತೋಲನಕ್ಕಾಗಿ ಮೂಲಪುರುಷರು ವೈಜ್ಞಾನಿಕವಾಗಿ ರೂಪಿಸಿದ ಭಂಗಿ' ಎಂದು ಬರೆದೆ. ಎದುರಾಳಿಯ ಬಿಂದಿಗೆ ಮುಟ್ಟಬಾರದೇಕೆ? ಪರರ ವಸ್ತುವಿಗೆ ಆಸೆಪಡಬಾರದೆಂಬ ನೀತಿ. ಸೀಟಿ ಯಾವಾಗ ಬೇಕಾದರೂ ಬರುವುದೇಕೆ? ಬಾಳಿನ ಅನಿಶ್ಚಿತತೆ. ಬರೆಯುವಾಗ ನನಗೇ ಮೈ ಜುಮ್ಮೆಂದಿತ್ತು. ಅಪ್ಪ ಇಷ್ಟೆಲ್ಲ ಯೋಚಿಸಿದ್ದರಾ ಎಂಬ ಅನುಮಾನ ಬರಲಿಲ್ಲವೆಂದಲ್ಲ, ಅದನ್ನು ಪಿತೃಭಕ್ತಿಯಿಂದ ಅದುಮಿಟ್ಟೆ.

ನನ್ನ ಇನ್ನೊಂದು ದೌರ್ಬಲ್ಯವನ್ನೂ ಇಲ್ಲೇ ಒಪ್ಪಿಕೊಳ್ಳುವುದು ಒಳ್ಳೆಯದು. ನನಗೆ ಹಗಲುಗನಸಿನ ಚಾಳಿಯಿದೆ. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದದ್ದು ಹಿಂದಿನವರು ಹಾರ್ನ್ ಹೊಡೆದ ಮೇಲೇ ನನಗೆ ತಿಳಿಯುವುದು. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದವರು ಒಬ್ಬ ವ್ಯಾಯಾಮದ ಮೇಷ್ಟ್ರು ಎಂದು ಎಲ್ಲೋ ಓದಿದ್ದೆ. ಹೊರಗೆ ಮೈ ಕೊರೆಯುವ ಚಳಿ, ಒಳಗೆ ಕೂತಲ್ಲಿ ಕೂರದ ವಿದ್ಯಾರ್ಥಿಗಳು. ಮೇಷ್ಟ್ರು ಎರಡು ಹಣ್ಣಿನ ಬುಟ್ಟಿ ತರಿಸಿ ಎತ್ತರದಲ್ಲಿ ಮೊಳೆ ಹೊಡೆಸಿದರಂತೆ. ಬುಟ್ಟಿಗೆ ತಳವಿತ್ತು. ಹಾಗಾಗಿ ಚೆಂಡು ಬಿದ್ದಾಗಲೆಲ್ಲ ಯಾರೋ ಏಣಿ ಹತ್ತಿ ತೆಗೆದುಕೊಡಬೇಕಿತ್ತಂತೆ. ಅಷ್ಟು ದೊಡ್ಡ ಆಟ ಹೊಳೆದ ತಲೆಗೆ ಬುಟ್ಟಿಯ ತಳ ಕತ್ತರಿಸುವುದು ಕೂಡಲೇ ಹೊಳೆಯಲಿಲ್ಲ ನೋಡಿ. ಇದನ್ನು ಓದಿದಂದಿನಿಂದ ನನ್ನ ಕನಸಿನಲ್ಲಿ ಆ ಮೇಷ್ಟ್ರೂ ನನ್ನ ಅಪ್ಪನೂ ಭದ್ರಾ ಹೊಳೆಯ ದಂಡೆಯ ಕಲ್ಲಿನ ಮೇಲೆ ಅಕ್ಕಪಕ್ಕ ಕೂತು ಮಾತಾಡುತ್ತಿರುತ್ತಾರೆ. ನಾನು ಬುಟ್ಟಿ ಮೇಲೆ ಕಟ್ಟಿದೆ ರುದ್ರಪ್ಪನವರೇ, ಎನ್ನುತ್ತಾರೆ ಅವರು. ನಾನು ಬಿಂದಿಗೆ ಕೆಳಗೇ ಇಟ್ಟೆ ಸಾರ್, ಏಣಿ ಖರ್ಚು ಉಳೀತು, ಎನ್ನುತ್ತಾರೆ ಅಪ್ಪ. ಮೇಷ್ಟ್ರು ಮೆಚ್ಚಿ ತಲೆದೂಗುತ್ತಾರೆ. ಹೊಳೆ ಸದ್ದಿಲ್ಲದೆ ಹರಿಯುತ್ತಿರುತ್ತದೆ. ಅಷ್ಟರಲ್ಲಿ ಹಾರ್ನ್.

ಹೀಗೆ ಸುಖವಾಗಿದ್ದವನ ಮನೆಗೆ ಒಂದು ಭಾನುವಾರ ಪರಮೇಶಿ ಬಂದ. ಪರಮೇಶಿ ಬಿಂದಿಗೆಯಾಟದ ಸಂಘದ ಕಾರ್ಯದರ್ಶಿ, ನನ್ನ ಜೊತೆ ಕ್ವಾರ್ಟರ್ಸಿನಲ್ಲೇ ಬೆಳೆದವನು. ಈ ಸಲ ಭದ್ರಾವತಿಯಲ್ಲಿ ಅಪ್ಪನ ಹೆಸರಿನಲ್ಲಿ ಟೂರ್ನಮೆಂಟ್ ಮಾಡುತ್ತಾರಂತೆ, ಅಪ್ಪನ ದೊಡ್ಡ ಫೋಟೋ ಇಡುತ್ತಾರಂತೆ, ಮತ್ತು ನಾನು ಅಪ್ಪನ ಜೀವನಚರಿತ್ರೆಯನ್ನು ಬರೆದುಕೊಡಬೇಕಂತೆ. ನಲವತ್ತು ಪುಟವಾದರೂ ಇರಲಿ ಮಾರಾಯ, ತೆಳ್ಳಗಿದ್ರೆ ಜನ ಬೀಸಣಿಗೆ ಮಾಡ್ಕೋತಾರೆ ಎಂದ. ನಾನು ಕನ್ನಡಿಯ ಮುಂದಿನ ಆ ನಗೆಯನ್ನು ನಕ್ಕು ಒಪ್ಪಿಕೊಂಡೆ.

ಬರೆಯಲು ಕೂತಾಗ ಅಪ್ಪ ಎರಡೂವರೆ ಪುಟಕ್ಕೇ ಮುಗಿದುಹೋದರು. ಹುಟ್ಟಿದರು, ಕಾರ್ಖಾನೆಗೆ ಸೇರಿದರು, ಸೈಕಲ್ ತುಳಿದರು, ಆಟ ಕಂಡುಹಿಡಿದರು, ನಿವೃತ್ತರಾದರು. ಆ ಆಟ ಕಂಡುಹಿಡಿದರು ಎಂಬುದನ್ನು ಹಿಗ್ಗಿಸಿ ಎಳೆಯೋಣವೆಂದರೆ ಹಿಡಿಯಲು ತುದಿಯೇ ಸಿಗಲಿಲ್ಲ. ನನಗೆ ನೆನಪಿರುವ ಅಪ್ಪ ಯಾವಾಗಲೂ ಸೀಟಿ ಹಿಡಿದ ಅಂಪೈರು. ಅವರು ಚೆಂಡು ಎಸೆದದ್ದನ್ನು ನಾನು ನೋಡಿಯೇ ಇಲ್ಲ. ಕಂಡುಹಿಡಿದವರು ಆಡಬಾರದು, ಆಡಿಸಬೇಕು ಎನ್ನುತ್ತಿದ್ದರು. ಎಂಥ ತ್ಯಾಗ ಎಂದುಕೊಂಡು ಅದಕ್ಕೂ ಒಂದು ಪುಟ ಕೊಟ್ಟೆ. ಹೀಗೆ ಮೂರು ವಾರ ಪೆನ್ನು ಕಚ್ಚಿದರೂ ಒಳಗೆ ಚಪಾತಿ ಲಟ್ಟಿಸುತ್ತಿದ್ದ ಅಮ್ಮನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಬುಟ್ಟಿಗೆ ತಳ ಬಿಟ್ಟ ಮೇಷ್ಟ್ರನ್ನು ಆಡಿಕೊಂಡವನು ನಾನು.

ಕೊನೆಗೆ ಅಮ್ಮನೇ, ಅಷ್ಟು ಒದ್ದಾಡೋ ಬದಲು ಸೆಲ್ವಿ ಹತ್ರ ಹೋಗಿ ಬರೋಣ ನಡಿ, ಅವಳಿಗೆ ಎಲ್ಲ ನೆನಪಿರುತ್ತೆ, ಎಂದಳು. ಸೆಲ್ವಿ ಅಕ್ಕ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದರು. ಅವರ ಗಂಡನೂ ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿದ್ದರು, ಅಕ್ಕ ಈಗ ಮಗಳ ಜೊತೆ ಭದ್ರಾವತಿಯಲ್ಲೇ ಇದ್ದಾರೆ. ರಾಗಿಗುಡ್ಡದ ನಮ್ಮ ಮನೆಯಿಂದ ಆಟೋ ಹಿಡಿದು, ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆವು. ಅಮ್ಮ ಕಿಟಕಿಯ ಪಕ್ಕ ಕೂತಳು. ನಾನು ಎಂದಿನಂತೆ ಕನಸಿನ ಹೊಳೆಯ ದಂಡೆಗೆ ಹೋದೆ. ಮೇಷ್ಟ್ರು ಅಪ್ಪನನ್ನು, ಈ ಎಡಗೈ ವಿಷಯ ನಿಮಗೆ ಹೇಗೆ ಹೊಳೀತು ಎಂದು ಕೇಳುತ್ತಿದ್ದರು. ಅಪ್ಪ ಯಾಕೋ ಮುಜುಗರದಿಂದ ನೀರು ನೋಡುತ್ತಿದ್ದರು. ಉತ್ತರ ಬರುವ ಮೊದಲೇ ಕಂಡಕ್ಟರು ಭದ್ರಾವತಿ ಎಂದು ಕೂಗಿದ.

ಸೆಲ್ವಿ ಅಕ್ಕ ಬಾಗಿಲಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನೇನಾ ಗಿರಿಜಾ, ಸೊಂಟದಿಂದ ಇಳಿಯದೇ ಇದ್ದ ಆ ಪಿಳ್ಳೆ ಎಂದು ನಕ್ಕರು. ಕಾಫಿ ಬಂತು, ಮುರುಕು ಬಂತು. ನಾನು ನನ್ನ ಪುಸ್ತಕ ತೆಗೆದು, ಬೆನ್ನುಮೂಳೆಯ ಭಾಗವನ್ನು ಸ್ವಲ್ಪ ರಾಗವಾಗಿಯೇ ಓದಿ, ಇದರ ಬಗ್ಗೆ ಅಪ್ಪ ಇನ್ನೇನಾದರೂ ಹೇಳಿದ್ದರಾ ಎಂದು ಕೇಳಿದೆ. ಸೆಲ್ವಿ ಅಕ್ಕ ಮುರುಕು ಕೈಯಲ್ಲೇ ಹಿಡಿದುಕೊಂಡು ಅಮ್ಮನ ಮುಖ ನೋಡಿದರು. ಅಮ್ಮ ಕಾಫಿ ಲೋಟ ನೋಡಿದಳು.

"ಬೆನ್ನುಮೂಳೆ ಅಲ್ಲ ಕಣೋ, ಅದು ನೀನು" ಎಂದರು ಸೆಲ್ವಿ ಅಕ್ಕ. "ನಿನ್ನ ಕೆಳಗೆ ಇಳಿಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅಳ್ತಿದ್ದೆ. ನಿಮ್ಮಮ್ಮ ಎಡಗೈಲಿ ನಿನ್ನ ಹಿಡ್ಕೊಂಡು ಬಲಗೈಲಿ ಎಸೀತಿದ್ಲು. ಅವಳು ಒಂದೇ ಕೈಲಿ ಆಡುವಾಗ ನಾವು ಎರಡು ಕೈಲಿ ಆಡಿದ್ರೆ ನ್ಯಾಯನಾ? ಅದಕ್ಕೆ ಎಲ್ಲರೂ ಸೊಂಟದ ಮೇಲೆ ಕೈ ಇಟ್ಕೊಂಡ್ವಿ."

ಆಮೇಲೆ ಒಂದೊಂದಾಗಿ ನನ್ನ ಪುಸ್ತಕದ ಪುಟಗಳು ಉದುರಿದವು. ಬೀದಿಗೆ ಒಂದೇ ನಲ್ಲಿ. ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲ. ಹೆಂಗಸರು ತಮ್ಮ ತಮ್ಮ ಬಿಂದಿಗೆಯನ್ನು ಸಾಲಿನಲ್ಲಿ ಇಟ್ಟು ಪಾಳಿ ಹಿಡಿದು ಕಾಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಳು ನಿಲ್ಲಿಸದೇ ಇದ್ದಾಗ ಅಮ್ಮ ನನ್ನ ಕೈಲಿದ್ದ ಬಟ್ಟೆಯ ಚೆಂಡನ್ನು ಕಿತ್ತು ಖಾಲಿ ಬಿಂದಿಗೆಯೊಳಗೆ ಎಸೆದಳಂತೆ. ದಬ್ ಎಂದಿತು. ನಾನು ಅಳು ನಿಲ್ಲಿಸಿ ಬಿಂದಿಗೆಯನ್ನೇ ನೋಡಿದೆನಂತೆ. ಮತ್ತೆ ಎಸೆದಳು, ಮತ್ತೆ ದಬ್. ಸೆಲ್ವಿ ಅಕ್ಕ ತಡೆಯಲು ಬಂದರು. ಹೀಗೆ ಹದಿನೈದು ದಿನದಲ್ಲಿ ಎರಡು ತಂಡವಾಯಿತು. ಪಾಳಿಯಲ್ಲಿಟ್ಟ ಬೇರೆಯವರ ಬಿಂದಿಗೆ ಮುಟ್ಟಿದರೆ ಜುಟ್ಟು ಜುಟ್ಟು ಹಿಡಿಯುವ ಜಗಳವಾಗುತ್ತಿತ್ತು. ಅದಕ್ಕೇ ಮುಟ್ಟಿದವರು ಔಟ್. ನಲ್ಲಿ ಸುಯ್ ಎಂದು ಉಸಿರು ಬಿಟ್ಟ ತಕ್ಷಣ ಎಲ್ಲರೂ ಆಟ ಬಿಟ್ಟು ನೀರಿಗೆ ಓಡುತ್ತಿದ್ದರು. ನಾನು ಬಾಳಿನ ಅನಿಶ್ಚಿತತೆ ಎಂದು ಬರೆದದ್ದು ಆ ಸುಯ್ ಎಂಬುದನ್ನು.

ಹಾಗಾದರೆ ಅಪ್ಪ ಎಲ್ಲಿಂದ ಬಂದರು? ಅದನ್ನು ಅಮ್ಮ ಹೇಳಿದಳು. ಒಂದು ದಿನ ಅಜ್ಜಿ, ಎಂದರೆ ಅಮ್ಮನ ಅತ್ತೆ, ನಲ್ಲಿಯ ಹತ್ತಿರ ಬಂದು ನೋಡಿದರೆ ಸೊಸೆ ಮಗುವನ್ನು ಎತ್ತಿಕೊಂಡು, ಸೆರಗು ಸಿಕ್ಕಿಸಿ, ಬೀದಿಯ ನಡುವೆ ಹಾರುತ್ತಿದ್ದಳು. ಸಂಜೆ ನಮ್ಮ ಮನೆಯ ಮುಂದೆ ಪಂಚಾಯಿತಿಯೇ ಸೇರಿತು. ಈ ಹೆಂಗಸರಿಗೆ ಇದನ್ನು ಹಚ್ಚಿದವರು ಯಾರು ಎಂದು ಹಿರಿಯರು ಕೇಳಿದರು. ಅಮ್ಮ ನನ್ನನ್ನು ಎತ್ತಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಳು. ಆಗಷ್ಟೇ ಕೆಲಸದಿಂದ ಬಂದ ಅಪ್ಪ, ಕೈಯಲ್ಲಿ ಬುತ್ತಿಯ ಡಬ್ಬಿ, ಸೈಕಲ್ಲಿನಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಾನೇ ಹೇಳಿಕೊಟ್ಟಿದ್ದು, ನಾನೇ ಕಂಡುಹಿಡಿದ ಆಟ, ಮೈಗೆ ಒಳ್ಳೇದಂತೆ, ಎಂದುಬಿಟ್ಟರು. ಗಂಡಸು ಕಂಡುಹಿಡಿದದ್ದೆಂದ ಮೇಲೆ ಅದಕ್ಕೆ ಒಂದು ತೂಕ ಬಂತು. ಹಾಗಾದರೆ ಬರುವ ಭಾನುವಾರ ನಮಗೂ ತೋರಿಸು ಎಂದರು ಎಲ್ಲರೂ. ಅಪ್ಪನಿಗೆ ಬಿಂದಿಗೆ ಯಾವ ಕಡೆ ಇಡಬೇಕೆಂದೂ ಗೊತ್ತಿರಲಿಲ್ಲ. ಭಾನುವಾರದೊಳಗೆ ಹಿತ್ತಲಿನ ಬಚ್ಚಲ ಹಿಂದೆ ನಿಂತು ಅಮ್ಮ ಅವರಿಗೆ ಕಲಿಸಿದಳು. ನೂರು ಸಲ ಎಸೆದರೂ ಒಂದೂ ಒಳಗೆ ಬೀಳಲಿಲ್ಲವಂತೆ. ನೀವು ಸೀಟಿ ಇಟ್ಕೊಳ್ಳಿ ಎಂದಳಂತೆ ಅಮ್ಮ. ಕಂಡುಹಿಡಿದವರು ಆಡಬಾರದು ಎಂಬ ತತ್ವ ಹೀಗೆ ಬಚ್ಚಲ ಹಿಂದೆ ಹುಟ್ಟಿತು. ಮುಂದಿನ ತಿಂಗಳಿಂದ ಗಂಡಸರು ಬಯಲಿನಲ್ಲಿ ಆಡತೊಡಗಿದರು. ಹೆಂಗಸರು ನಲ್ಲಿಯ ಹತ್ತಿರ ಸುಮ್ಮನೆ ನಿಂತು ನೀರಿಗೆ ಕಾದರು. ಅಮ್ಮ ಆಮೇಲೆ ಎಂದೂ ಚೆಂಡು ಮುಟ್ಟಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಬಹಳ ಆವೇಶದಲ್ಲಿದ್ದೆ. ಪುಸ್ತಕವನ್ನು ಮೊದಲಿನಿಂದ ಬರೆಯುತ್ತೇನೆ, ಪರಮೇಶಿಗೆ ಹೇಳಿ ಫೋಟೋ ಬದಲಾಯಿಸುತ್ತೇನೆ, ಚರಿತ್ರೆಯನ್ನು ಸರಿಮಾಡುತ್ತೇನೆ ಎಂದೆಲ್ಲ ಹೇಳಿದೆ. ಒಳಗೊಳಗೇ ಒಂದು ಸಮಾಧಾನವೂ ಇತ್ತು: ಯಾವ ಕಡೆಯಿಂದ ನೋಡಿದರೂ ನಾನು ಕಂಡುಹಿಡಿದವರ ಮಗನೇ, ನನ್ನ ವಿನಯದ ನಗೆಗೆ ಏನೂ ಮೋಸವಿಲ್ಲ. ಅಮ್ಮ ಕಿಟಕಿಯಾಚೆ ನೋಡುತ್ತಾ ಎಲ್ಲ ಕೇಳಿಸಿಕೊಂಡಳು.

"ಏನೂ ಬರೀಬೇಡ" ಎಂದಳು. "ನಿಮ್ಮಪ್ಪ ನನಗೋಸ್ಕರ ಊರ ಮುಂದೆ ಹೇಳಿದ್ದು ಅದೊಂದೇ ಸುಳ್ಳು. ಅದನ್ನೂ ನೀನು ಕಿತ್ಕೊಂಡ್ರೆ ನನಗೇನು ಉಳೀತು?"

ಸ್ವಲ್ಪ ದೂರ ಹೋದ ಮೇಲೆ ಅವಳೇ ತಗ್ಗಿದ ದನಿಯಲ್ಲಿ, ಆ ಟೂರ್ನಮೆಂಟಲ್ಲಿ ನನಗೆ ಒಂದೇ ಒಂದು ಸಲ ಎಸೆಯೋಕೆ ಬಿಡ್ತಾರೇನೋ ಕೇಳಿ ನೋಡು ಎಂದಳು. ಅಮ್ಮ ನನ್ನ ಹತ್ತಿರ ತನಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಐವತ್ತು ವರ್ಷ ಬಿಂದಿಗೆಗಳು ಊರೂರು ಸುತ್ತಿದವು, ಅವಳ ಕೈಗೆ ಮಾತ್ರ ಚೆಂಡು ಬರಲಿಲ್ಲ. ಕಣ್ಣು ಮುಚ್ಚಿ ಹೊಳೆಯ ದಂಡೆಗೆ ಹೋದರೆ ಅಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು. ಅಪ್ಪ ದೂರದಲ್ಲಿ ಸೈಕಲ್ ಹಿಡಿದುಕೊಂಡು ನಿಂತಿದ್ದರು, ಯಾರಿಗೋ ಕಾಯುತ್ತಿರುವವರ ಹಾಗೆ.

ಒಂದು ಎಸೆತವೇನು ಮಹಾ ಎಂದುಕೊಂಡಿದ್ದೆ. ಕೇಳಿದಾಗ ತಿಳಿಯಿತು. ಉದ್ಘಾಟನೆಯ ಎಸೆತ ಎಸೆಯಲು, ಟೂರ್ನಮೆಂಟಿಗೆ ಬಿಂದಿಗೆ ಕೊಡಿಸಿದ ಮಹನೀಯರು ಆಗಲೇ ಒಪ್ಪಿಕೊಂಡಿದ್ದಾರೆ, ಅಮ್ಮನವರಿಗೆ ಫೋಟೋಗೆ ಹಾರ ಹಾಕುವ ಕೆಲಸ ಇಟ್ಟಿದ್ದೇವೆ, ಎಂದ ಪರಮೇಶಿ. ಹೆಂಗಸರಿಗೆ ಆರತಿ ತಟ್ಟೆಯೂ ಇದೆಯಂತೆ. ನಾನು ಜನ್ಮದಲ್ಲಿ ಯಾರ ಹತ್ತಿರವೂ ಹಟ ಹಿಡಿದವನಲ್ಲ, ಹಿಡಿದದ್ದು ಮಗುವಾಗಿದ್ದಾಗ ಮಾತ್ರ ಎಂದು ಈಗ ಸಾಕ್ಷಿ ಸಮೇತ ಗೊತ್ತಾಗಿತ್ತು. ಆ ಹಳೆಯ ಹಟವನ್ನೇ ಹೊರಗೆ ತೆಗೆದೆ. ಅಮ್ಮ ಎಸೆಯದಿದ್ದರೆ ಜೀವನಚರಿತ್ರೆ ಇಲ್ಲ ಎಂದೆ. ಪರಮೇಶಿ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿ, ನಾಲ್ಕು ದಿನ ಓಡಾಡಿ, ಆಗಲಪ್ಪ ಎಂದ. ನಾನೂ ಮಾತಿನಂತೆ ನಲವತ್ತು ಪುಟ ಬರೆದುಕೊಟ್ಟೆ. ಒಂದಕ್ಷರ ನಿಜವಿರಲಿಲ್ಲ. ಅಮ್ಮನ ಬಗ್ಗೆ, 'ಶ್ರೀಮತಿ ಗಿರಿಜಮ್ಮನವರು ಆಟಗಾರರಿಗೆ ಕುಡಿಯುವ ನೀರು ಕೊಟ್ಟು ಪ್ರೋತ್ಸಾಹಿಸುತ್ತಿದ್ದರು' ಎಂದು ಒಂದು ಸಾಲಿತ್ತು. ಅದನ್ನು ಬರೆಯುವಾಗ ನಾಚಿಕೆಯಾಯಿತು.

ಟೂರ್ನಮೆಂಟಿನ ದಿನ ಬಯಲಿನ ತುಂಬ ಜನ. ಅಪ್ಪನ ಫೋಟೋ ಬಾಗಿಲಷ್ಟು ದೊಡ್ಡದಾಗಿತ್ತು, ಅದರಲ್ಲಿ ಅವರು ಸ್ವಲ್ಪ ಗಾಬರಿಯಾದಂತೆ ಕಾಣುತ್ತಿದ್ದರು. ನಾನು ವೇದಿಕೆಯ ಮೇಲೆ, ಶಾಲು ಹೊದ್ದು, ಎರಡನೇ ಸಾಲಿನಲ್ಲಿ. ಅಮ್ಮ ಹೊಸ ಇಳಕಲ್ ಸೀರೆಯುಟ್ಟು ಗೆರೆಯ ಹತ್ತಿರ ಹೋಗಿ ನಿಂತಳು. ಎದುರಿಗೆ ಐದು ನೀಲಿ ಬಿಂದಿಗೆ. ಚೆಂಡನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿದಳು. ಎಡಗೈ ಪಕ್ಕದಲ್ಲಿ ಹಾಯಾಗಿ ಇಳಿಬಿದ್ದಿತ್ತು. ಎಸೆದಳು. ಚೆಂಡು ಮಧ್ಯದ ಬಿಂದಿಗೆಯ ಅಂಚನ್ನೂ ಸೋಕದೆ ಒಳಗಿಳಿಯಿತು. ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಅಂಪೈರ್ ಸೀಟಿ ಊದಿದಳು. ಅವಳೊಬ್ಬಳು ಎಳೆಯ ವಯಸ್ಸಿನ ವ್ಯಾಯಾಮದ ಟೀಚರ್, ನನ್ನ ಪುಸ್ತಕವನ್ನು ಪೂರ್ತಿ ಬಾಯಿಪಾಠ ಮಾಡಿದವಳು.

"ಅಜ್ಜಿ, ಎಡಗೈ ಸೊಂಟದ ಮೇಲಿರಬೇಕು. ಇದು ಫೌಲ್. ಕಂಡುಹಿಡಿದವರ ರೂಲ್ ಇದು" ಎಂದಳು, ಬಹಳ ಮರ್ಯಾದೆಯಿಂದಲೇ.

"ಹೌದಮ್ಮ" ಎಂದಳು ಅಮ್ಮ. "ಆಗ ಮಗು ಇತ್ತು. ಈಗ ಇಳಿಸಿ ಆಯ್ತಲ್ಲ."

ಟೀಚರಿಗೆ ಅರ್ಥವಾಗಲಿಲ್ಲ. ಅವಳು ನಕ್ಕು, ಇನ್ನೊಂದು ಸಲ ಎಸೀರಿ ಎಂದು ಚೆಂಡನ್ನು ವಾಪಸ್ಸು ಕೊಟ್ಟಳು. ನನಗೆ ಮಾತ್ರ ತಡೆಯಲಾಗಲಿಲ್ಲ. ಏನಾದರಾಗಲಿ, ಹೇಳಿಯೇಬಿಡುತ್ತೇನೆ ಎಂದು ಕುರ್ಚಿಯಿಂದ ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. ನಮ್ಮ ಕಡೆ ಸಭೆಯಲ್ಲಿ ತೀರಿಕೊಂಡವರ ಫೋಟೋ ಇದ್ದು, ವೇದಿಕೆಯ ಮೇಲೆ ಒಬ್ಬರು ಗಂಭೀರವಾಗಿ ಎದ್ದು ನಿಂತರೆ ಅದಕ್ಕೆ ಒಂದೇ ಅರ್ಥ. ಪಕ್ಕದವರು ಎದ್ದರು. ಮುಂದಿನ ಸಾಲು ಎದ್ದಿತು. ಪರಮೇಶಿ ಮೈಕ್ ಹಿಡಿದು, ಮೂಲಪುರುಷರ ನೆನಪಿಗೆ ಒಂದು ನಿಮಿಷ ಮೌನ ಎಂದ. ಇಡೀ ಬಯಲು ಎದ್ದು ನಿಂತು ತಲೆ ತಗ್ಗಿಸಿತು. ತೆರೆದ ನನ್ನ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಆ ಮೌನದಲ್ಲಿ ತಲೆ ಎತ್ತಿದ್ದವರು ಇಬ್ಬರೇ, ನಾನು ಮತ್ತು ಅಮ್ಮ. ಅವಳು ಎಡಗೈಯನ್ನು ಸೊಂಟದ ಹತ್ತಿರ ತಂದಳು. ಆಟಗಾರರು ಇಡುವ ಹಾಗೆ ಬಿಗಿಯಾಗಿ ಅಲ್ಲ. ತೋಳನ್ನು ಬಳಸಿ, ಒಳಗೆ ಯಾರಿಗೋ ಜಾಗ ಬಿಟ್ಟ ಹಾಗೆ. ಒಂದು ಗಳಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಎಂಬತ್ತು ಕೆ.ಜಿ. ತೂಗುವ, ಶಾಲು ಹೊದ್ದ, ಮಂಡಿ ನೋವಿನ ಗುಮಾಸ್ತನನ್ನು ಯಾರೋ ಸಲೀಸಾಗಿ ಎತ್ತಿಕೊಂಡಂತಾಯಿತು. ಅವಳು ಎಸೆದಳು. ಅಷ್ಟು ಜನರ ನಿಶ್ಶಬ್ದದಲ್ಲಿ ದಬ್ ಎಂಬ ಆ ಒಂದು ಸದ್ದು ಕೇಳಿತು. ನಾನು ಅತ್ತುಬಿಟ್ಟೆ. ಮೌನ ಮುಗಿದ ಮೇಲೆ ಪರಮೇಶಿ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದ. ನಾನು ಎಲ್ಲರಿಗೂ ನಮಸ್ಕಾರ ಎಂದು ಹೇಳಿ ಕೂತೆ.

ಮರುದಿನ ಪೇಪರಿನಲ್ಲಿ ನನ್ನ ಫೋಟೋ ಬಂತು, ಕರ್ಚೀಫು ಸಮೇತ. ತಂದೆಯನ್ನು ನೆನೆದು ಮಾತು ಹೊರಡದೆ ಗದ್ಗದಿತರಾದ ಪುತ್ರ ಎಂದು ಕೆಳಗೆ ಬರೆದಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ನಾನು ಪಕ್ಕದಲ್ಲಿ ಕೂತು, ನೀನೇ ಹೇಳಬೇಡ ಅಂದಿದ್ದೆಯಲ್ಲ, ಅದಕ್ಕೇ ಸುಮ್ಮನಾದೆ, ಎಂದು ಸಮಜಾಯಿಷಿ ಕೊಟ್ಟೆ. ಅವಳು ಪೇಪರನ್ನು ಮಡಿಸಿ ನನ್ನ ಕೈಗೆ ಕೊಡುತ್ತಾ ಹೇಳಿದಳು:

"ನಿಮ್ಮಪ್ಪನಿಗೆ ಎಸೆಯೋಕೆ ಬರ್ತಿರಲಿಲ್ಲ, ಆದ್ರೆ ಎದ್ದು ನಿಂತು ಒಂದು ಸುಳ್ಳಾದ್ರೂ ಹೇಳೋಕೆ ಬರ್ತಿತ್ತು. ನಿನಗೆ ಎದ್ದು ನಿಂತ ಮೇಲೂ ಒಂದು ನಿಜ ಹೇಳೋಕೆ ಬರಲಿಲ್ವಲ್ಲೋ."